ಫ್ರಿಜ್ಜಿಗೊಂದು ಬೇರೆ ಲೈನು

ಅಕ್ಕ: ಅಡುಗೆಮನೆ ಗೋಡೆ ಒಡೆಯೋದಕ್ಕೆ ನಾಳೆ ಆಳುಗಳು ಬರುತ್ತಾರೆ. ಮಿಕ್ಸಿ ಬೋರ್ಡಿನಿಂದ ಒಂದು ಲೂಪ್ ಎಳೆದರೆ ಫ್ರಿಜ್ಜಿಗೆ ಪಾಯಿಂಟ್ ಸಿಗುತ್ತದೆ, ಒಂದು ಗಂಟೆಯ ಕೆಲಸ ಅಂತ ವೈರಿಂಗಿನವರು ಹೇಳುತ್ತಿದ್ದಾರೆ. ನೀನು ನೋಡಿದರೆ ಡಿಬಿಯಿಂದಲೇ, ಅಂದರೆ ಮನೆಯ ಮೇನ್ ಸ್ವಿಚ್ಚಿನ ಪೆಟ್ಟಿಗೆಯಿಂದಲೇ, ಬೇರೆ ಲೈನ್ ಬರಬೇಕು ಅಂತ ಹಟ ಹಿಡಿದಿದ್ದೀಯ. ಹದಿನೈದು ಮೀಟರ್ ಗೋಡೆ ಕೊರೆಯಬೇಕು, ಆಮೇಲೆ ಗಾರೆ, ಆಮೇಲೆ ಬಣ್ಣ. ಅಷ್ಟಕ್ಕೂ ಫ್ರಿಜ್ ಎಳೆಯುವ ಕರೆಂಟ್ ಎಷ್ಟು? ಇಸ್ತ್ರಿಪೆಟ್ಟಿಗೆ ಅದರ ಹಲವು ಪಟ್ಟು ತಿನ್ನುತ್ತದೆ. ಇಸ್ತ್ರಿಪೆಟ್ಟಿಗೆಗೆ ಬೇರೆ ಲೈನ್ ಹಾಕಿಸು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ತಮ್ಮ: ಲೆಕ್ಕ ಸರಿಯಾಗಿಯೇ ಇದೆ ಅಕ್ಕ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತಾರೆ. ಸಾಧಾರಣ ಮನೆಯ ಫ್ರಿಜ್ಜಿಗೆ 200 ಯೂನಿಟ್ ಅಂತಿಟ್ಟುಕೋ. ವರ್ಷದಲ್ಲಿ 8,760 ಗಂಟೆ. ಭಾಗಿಸಿದರೆ ಸರಾಸರಿ 23 ವ್ಯಾಟ್, ಹಳೆಯ ಕಾಲದ 40 ವ್ಯಾಟ್ ಬಲ್ಬಿಗಿಂತಲೂ ಕಡಿಮೆ. ಕಂಪ್ರೆಸರ್ ಓಡುತ್ತಿರುವಾಗಲೂ ಒಂದು ಆಂಪಿಯರಿನ ಆಸುಪಾಸು. ಅದೇ ಎಲೆಕ್ಟ್ರಿಕ್ ಕೆಟಲ್ 1,500 ವ್ಯಾಟಿನದಾದರೆ ಆರೂವರೆ ಆಂಪಿಯರ್, ಇಂಡಕ್ಷನ್ ಒಲೆ 2,000 ವ್ಯಾಟಿನದಾದರೆ ಎಂಟೂ ಮುಕ್ಕಾಲು. ಹಾಗಾಗಿ ‘ಫ್ರಿಜ್ ದೊಡ್ಡ ಲೋಡು, ಅದಕ್ಕೇ ಬೇರೆ ಲೈನ್ ಬೇಕು’ ಅಂತ ಯಾರಾದರೂ ಹೇಳಿದರೆ ನಂಬಬೇಡ. ನಾನು ಹೇಳುತ್ತಿರುವ ಕಾರಣಕ್ಕೂ ಆಂಪಿಯರಿಗೂ ಸಂಬಂಧ ಬಹಳ ಕಡಿಮೆ. ಅಡುಗೆಮನೆಯ ಉಳಿದ ಸಾಮಾನಿಗೆಲ್ಲ ಒಂದು ಕೈ ಜೊತೆಗಿರುತ್ತದೆ. ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಸ್ವಿಚ್ ಆರಿಸುತ್ತೀಯ. ಗ್ರೈಂಡರ್ ತಿರುಗುವಷ್ಟು ಹೊತ್ತೂ ಯಾರಾದರೂ ಹಿಟ್ಟು ತಳ್ಳುತ್ತಾ ಹತ್ತಿರದಲ್ಲೇ ಇರುತ್ತಾರೆ. ಫ್ರಿಜ್ ಮಾತ್ರ ತಾನೇ ಶುರುವಾಗುತ್ತದೆ, ತಾನೇ ನಿಲ್ಲುತ್ತದೆ. ಹಗಲು ರಾತ್ರಿ, ಮನೆಯಲ್ಲಿ ಜನ ಇದ್ದಾಗ ಇಲ್ಲದಾಗ, ಹತ್ತು ಹದಿನೈದು ವರ್ಷ ಹೀಗೇ. ಅದರ ಬೆನ್ನ ಹಿಂದೆ ಏನು ನಡೆದಿದೆ ಅಂತ ವರ್ಷಕ್ಕೊಮ್ಮೆ ಸುಣ್ಣಬಣ್ಣದ ಹೊತ್ತಿಗೆ ನೋಡಿದರೆ ಹೆಚ್ಚು. ಇಷ್ಟರ ಮೇಲೆ ಅದು ತಗಡಿನ ಮೈಯ ಪೆಟ್ಟಿಗೆ. ಒರೆಸಿ ಇನ್ನೂ ಒಣಗದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಒದ್ದೆ ಕೈಯಲ್ಲಿ ದಿನಕ್ಕೆ ಇಪ್ಪತ್ತು ಸಲ ಅದನ್ನು ಮುಟ್ಟುತ್ತೇವೆ. ಹೀಗೆ ಅದಕ್ಕೆ ಎರಡು ಬೇಡಿಕೆ ಹುಟ್ಟುತ್ತವೆ: ಬೇರೆಯವರ ತಪ್ಪಿಗೆ ಅದು ನಿಲ್ಲಬಾರದು, ಅದರದೇ ತಪ್ಪಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಬೇಕು. ಹಂಚಿಕೊಂಡ ಲೈನಿನಲ್ಲಿ ಒಂದನ್ನು ಈಡೇರಿಸಲು ಹೋದರೆ ಇನ್ನೊಂದು ಕೈಬಿಡುತ್ತದೆ. ಬೇರೆ ಲೈನ್ ಬೇಕು ಅನ್ನುವ ನನ್ನ ವಾದ ಇಷ್ಟೇ.

ಅಕ್ಕ: ಹಾಗಿದ್ದರೆ ತೆಳು ತಂತಿ ಸಾಕಲ್ಲ. ಒಂದು ಆಂಪಿಯರಿಗೆ ಎರಡೂವರೆ ಸ್ಕ್ವೇರ್ ತಂತಿ, 16 ಆಂಪಿಯರಿನ ಪ್ಲಗ್ ಅಂತ ಯಾಕೆ ಬರೆದುಕೊಟ್ಟಿದ್ದೀಯ? ಇರುವೆಗೆ ಆನೆಯ ಸರಪಣಿ ಕಟ್ಟಿದ ಹಾಗಾಯಿತು.

ತಮ್ಮ: ತಂತಿಯ ದಪ್ಪವನ್ನು ಬರೀ ಓಡುವ ಕರೆಂಟ್ ನೋಡಿ ಆರಿಸುವುದಿಲ್ಲ. ಕಂಪ್ರೆಸರ್ ಮೋಟಾರು ನಿಂತಲ್ಲಿಂದ ಏಳುವಾಗ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು, ಓಡುವ ಕರೆಂಟಿನ ಐದಾರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್ಜುಗಳು ಮೆಲ್ಲಗೆ ಏಳುತ್ತವೆ, ಅವುಗಳ ಮಾತು ಬೇರೆ. ಹಳೆಯ ಬಗೆಯದು ಹತ್ತು ಆಂಪಿಯರ್ ಎಳೆಯಿತು ಅಂತಿಟ್ಟುಕೊಂಡು ಲೆಕ್ಕ ಮಾಡೋಣ. ಒಂದು ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 18 ಓಮ್ ತಡೆ, ಎರಡೂವರೆಗೆ ಸುಮಾರು ಏಳೂವರೆ. ಡಿಬಿಯಿಂದ ಅಡುಗೆಮನೆಗೆ 15 ಮೀಟರ್, ಹೋಗಿ ಬರಲು 30. ತೆಳು ತಂತಿಯಲ್ಲಿ ಅರ್ಧ ಓಮಿಗಿಂತ ತುಸು ಹೆಚ್ಚು. ಅದೇ ತಂತಿಯಲ್ಲಿ ಕೆಟಲ್ ಕೂಡ ಕುದಿಯುತ್ತಿದ್ದರೆ ಆ ಕ್ಷಣಕ್ಕೆ ಹದಿನಾರೂವರೆ ಆಂಪಿಯರ್, ಅಂದರೆ ಒಂಬತ್ತು ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. ಎರಡೂವರೆಯ ಸ್ವಂತ ಲೈನಿನಲ್ಲಿ ಫ್ರಿಜ್ ಒಂದೇ ಇದ್ದರೆ ಎರಡು ವೋಲ್ಟಿನ ಚಿಲ್ಲರೆ. 230 ಬರುವ ಬೀದಿಯಲ್ಲಿ ಈ ಒಂಬತ್ತಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಂಜೆ ಹೊತ್ತು 190ಕ್ಕೆ ಇಳಿಯುವ ಕಡೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಮೋಟಾರು ಏಳುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ: 190ರಲ್ಲಿ ಪೂರ್ತಿ ಬಲದ ನೂರಕ್ಕೆ 68 ಭಾಗ, 181ರಲ್ಲಿ 62. ಈ ಆರು ಭಾಗದಲ್ಲೇ ಏಳುವ ಕಂಪ್ರೆಸರ್ ಏಳಲಾರದೆ ‘ಟಕ್’ ಅಂತ ಸದ್ದು ಮಾಡಿ ಸುಮ್ಮನಾಗುವುದುಂಟು. ಆದರೂ ಮುಚ್ಚುಮರೆ ಯಾಕೆ, ಇಲ್ಲಿ ದೊಡ್ಡ ಅಪರಾಧಿ ಬೀದಿಯ ವೋಲ್ಟೇಜು. ತಂತಿಯದು ಸಣ್ಣ ಪಾಲು. ದಪ್ಪ ತಂತಿ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. 16 ಆಂಪಿಯರಿನ ಸಾಕೆಟ್ ಗೋಡೆಯಲ್ಲಿ ಕಂಡರೆ ಮುಂದೆ ಯಾರೋ ಅದಕ್ಕೆ ಒವನ್ ಚುಚ್ಚುತ್ತಾರೆ. ಹಿಂದಿನ ತಂತಿ ಅದನ್ನು ತಾಳಿಕೊಳ್ಳಬೇಕು.

ಅಕ್ಕ: ತಾಳದಿದ್ದರೆ ಎಂಸಿಬಿ ಬೀಳುತ್ತದೆ. ಅದು ಇರುವುದೇ ಫ್ರಿಜ್ ಕಾಯುವುದಕ್ಕಲ್ಲವಾ?

ತಮ್ಮ: ನಮ್ಮ ಮನೆಗಳ ಅರ್ಧ ತಪ್ಪು ಹುಟ್ಟುವುದು ಈ ನಂಬಿಕೆಯಿಂದಲೇ. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ಫ್ರಿಜ್ ಸುಟ್ಟುಹೋಗಲಿ ಉಳಿಯಲಿ, ಅದಕ್ಕೆ ಸಂಬಂಧವಿಲ್ಲ. ಕಂಪ್ರೆಸರಿಗೆ ಅದರದೇ ಓವರ್‌ಲೋಡ್ ರಿಲೇ ಒಳಗೇ ಕೂತಿರುತ್ತದೆ. ಆದ್ದರಿಂದ ಎಂಸಿಬಿಯ ಅಂಕಿ ತಂತಿಗೆ ಹೊಂದಬೇಕು. ಪೈಪಿನಲ್ಲಿ ಎಳೆದ ಎರಡೂವರೆ ಚದರ ಮಿ.ಮೀ. ತಂತಿ 20 ಆಂಪಿಯರಿನ ಆಚೀಚೆ ಹೊರುತ್ತದೆ. ಅದಕ್ಕೆ 16ರ ಎಂಸಿಬಿ ಸರಿ, 10ರದು ಇನ್ನೂ ಸರಿ. 10 ಹಾಕಿದರೆ ಫ್ರಿಜ್ ಏಳುವಾಗಲೇ ಬಿದ್ದುಬಿಡುತ್ತದೆ ಅಂತ ಹೆದರಿಸುತ್ತಾರೆ. ಮೋಟಾರುಗಳಿಗೆ ಹಾಕುವ ಸಿ ಬಗೆಯ ಎಂಸಿಬಿ ತಟ್ಟನೆ ಬೀಳಬೇಕಾದರೆ ತನ್ನ ಅಂಕಿಯ ಐದರಿಂದ ಹತ್ತು ಪಟ್ಟು ಕರೆಂಟ್ ಬೇಕು. 10ರದಕ್ಕೆ ಕನಿಷ್ಠ 50 ಆಂಪಿಯರ್ ಆಯಿತು. ಮನೆಯ ಫ್ರಿಜ್ ಅಲ್ಲಿಗೆ ಮುಟ್ಟುವುದಿಲ್ಲ. ತಿರುಗುಮುರುಗಾದ ತಪ್ಪು ನಡೆಯುವುದು ಹೀಗೆ: ಲೂಪ್ ಮಾಡಿದ ಬೋರ್ಡಿನಲ್ಲಿ ಕೆಟಲ್, ಮಿಕ್ಸಿ, ಫ್ರಿಜ್ ಒಟ್ಟಿಗೆ ಓಡಿ ಎಂಸಿಬಿ ಪದೇ ಪದೇ ಬೀಳುತ್ತದೆ, ‘ಇದು ವೀಕು’ ಅಂತ ಕಿತ್ತು 32ರದನ್ನು ಕೂರಿಸುತ್ತಾರೆ. ಅಲ್ಲಿಗೆ ಬೀಳುವುದು ನಿಲ್ಲುತ್ತದೆ, ತಂತಿ ಬಿಸಿಯಾಗುವುದು ನಿಲ್ಲುವುದಿಲ್ಲ. ಕಿಟ್‌ಕ್ಯಾಟ್ ಫ್ಯೂಸಿನ ಕಾಲದಲ್ಲಿ ಫ್ಯೂಸ್ ತಂತಿಯ ಬದಲು ತಾಮ್ರದ ಎರಡೆಳೆ ಸುತ್ತುತ್ತಿದ್ದರಲ್ಲ, ಅದೇ ಬುದ್ಧಿ, ಹೊಸ ಅಂಗಿ.

ಅಕ್ಕ: ಸರಿ, ತಂತಿಯ ಮಾತು ಒಪ್ಪಿದೆ. ಸೋರಿಕೆ ಕಾಯುವ ಇಎಲ್‌ಸಿಬಿಯೂ ಬೇಕು ಅಂತೀಯಲ್ಲ, ಅದರ ವಿಷಯದಲ್ಲಿ ಮಾತ್ರ ನಿನ್ನ ಮಾತು ಕೇಳಲಾರೆ. ಅದು ಸುಮ್ಮಸುಮ್ಮನೆ ಬೀಳುತ್ತದೆ ಕಣೋ. ಮುಂಗಾರಿನ ಗುಡುಗಿಗೆ ಬೀಳುತ್ತದೆ, ಗೀಸರಿಗೆ ಬೀಳುತ್ತದೆ, ಸಾಕೆಟ್ಟಿನೊಳಗೆ ಹಲ್ಲಿ ಹೊಕ್ಕರೆ ಬೀಳುತ್ತದೆ. ಎರಡು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಹಾಲು ಹಿಟ್ಟು ಹಾಗಿರಲಿ, ಇನ್ಸುಲಿನ್ ಇಟ್ಟುಕೊಂಡಿರುವ ಮನೆಯವರ ಗತಿ ಏನು? ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಮಿಕ್ಕಿದ್ದಕ್ಕೆಲ್ಲ ಇಎಲ್‌ಸಿಬಿ ಇರಲಿ, ಫ್ರಿಜ್ಜನ್ನು ಅದರಿಂದ ಹೊರಗೆ ತೆಗೆದು ಬರೀ ಎಂಸಿಬಿಗೆ ಕೊಡಿ ಅಂತ ವೈರಿಂಗಿನವರು ಹೇಳುವುದರಲ್ಲಿ ನ್ಯಾಯ ಇದೆ.

ತಮ್ಮ: ನ್ಯಾಯ ಇದೆ, ಅದನ್ನು ಹಗುರ ಮಾಡುವುದಿಲ್ಲ. ಅದನ್ನು ಹೇಳಿದವರಲ್ಲಿ ನಿಮ್ಮ ವೈರಿಂಗಿನವರು ಮೊದಲಿಗರೂ ಅಲ್ಲ. ಬ್ರಿಟನ್ನಿನ ವೈರಿಂಗ್ ನಿಯಮಗಳೇ ಬಹಳ ಕಾಲ ಈ ವಾದಕ್ಕೆ ಕಿವಿಗೊಟ್ಟಿದ್ದವು. ‘ಇದು ಫ್ರೀಜರಿಗೆ ಮಾತ್ರ’ ಅಂತ ಚೀಟಿ ಅಂಟಿಸಿದ ಸಾಕೆಟ್ಟಿಗೆ ಸೋರಿಕೆಯ ಕಾವಲಿನಿಂದ ವಿನಾಯಿತಿ ಕೊಡುತ್ತಿದ್ದರು. 2018ರಲ್ಲಿ ಬಂದ 18ನೆಯ ಆವೃತ್ತಿ ವಾಸದ ಮನೆಗಳಿಗೆ ಆ ದಾರಿ ಮುಚ್ಚಿತು. ಅಮೆರಿಕದ ವೈರಿಂಗ್ ಸಂಹಿತೆಯೂ ಮೊದಲು ಅಡುಗೆಕಟ್ಟೆಯ ಸಾಕೆಟ್ಟುಗಳಿಗಷ್ಟೇ ಆ ಕಾವಲು ಕೇಳುತ್ತಿತ್ತು. 2023ರ ಆವೃತ್ತಿ ಫ್ರಿಜ್ಜಿನದೂ ಸೇರಿ ಅಡುಗೆಮನೆಯ ಸಾಕೆಟ್ಟುಗಳಿಗೆಲ್ಲ ಹಬ್ಬಿಸಿತು. ಅವರು ಮಾಡಿದರು ಅಂತ ನಾವೂ ಮಾಡಬೇಕು ಅನ್ನುತ್ತಿಲ್ಲ. ನಮ್ಮ ನೆಲದ ಲೆಕ್ಕ ಅವರದಕ್ಕಿಂತ ಕಠಿಣವಾಗಿದೆ, ಅದನ್ನು ನೋಡು. ಫ್ರಿಜ್ಜಿನೊಳಗೆ ಫೇಸ್ ತಂತಿ ಸವೆದು ತಗಡಿಗೆ ತಾಗಿತು. ಕರೆಂಟ್ ಹಸಿರು ತಂತಿಯಲ್ಲಿ ಹೊರಟು ಹಿತ್ತಲಿನ ಅರ್ಥ್ ಗುಂಡಿಗಿಳಿದು, ಮಣ್ಣಿನೊಳಗಿಂದ ಬೀದಿಯ ಟ್ರಾನ್ಸ್‌ಫಾರ್ಮರಿನ ಅರ್ಥಿಗೆ ಮುಟ್ಟಬೇಕು. ನಮ್ಮ ಬಹುಪಾಲು ಬಿಡಿಮನೆಗಳಲ್ಲಿ ಇದೊಂದೇ ದಾರಿ. ಗುಂಡಿ ಚೆನ್ನಾಗಿದ್ದು ಅದರ ತಡೆ 5 ಓಮ್, ಆಚೆ ಕಡೆಯದು 2 ಓಮ್ ಆದರೆ 33 ಆಂಪಿಯರ್ ಹರಿಯುತ್ತದೆ. 16ರ ಸಿ ಎಂಸಿಬಿ ತಟ್ಟನೆ ಬೀಳಲು ಕನಿಷ್ಠ 80 ಬೇಕು. 33ಕ್ಕೆ ಅದು ನಿಧಾನವಾಗಿ ಕಾದು, ಎಷ್ಟೋ ಸೆಕೆಂಡುಗಳ ಮೇಲೆ ಬೀಳುತ್ತದೆ. ಇನ್ನು ಚಿತ್ರದುರ್ಗದ ಕಡೆಯ ಬಂಡೆ ನೆಲ ನೆನೆಸಿಕೋ. ಏಪ್ರಿಲ್ ತಿಂಗಳು, ವರ್ಷಗಟ್ಟಲೆ ಒಂದು ಕೊಡ ನೀರು ಕಾಣದ ಗುಂಡಿ. ತಡೆ 20 ಓಮಿಗೆ ಏರಿದರೆ ಹರಿಯುವುದು ಹತ್ತೂವರೆ ಆಂಪಿಯರ್. 16ರ ಎಂಸಿಬಿಗೆ ಇದು ದಿನನಿತ್ಯದ ಲೋಡು, ಅದು ಎಂದೆಂದಿಗೂ ಬೀಳುವುದಿಲ್ಲ. ಫ್ರಿಜ್ಜಿನ ಮೈ ಮೇಲೆ ಸುಮಾರು 209 ವೋಲ್ಟ್ ನಿಂತಿರುತ್ತದೆ. ಅರ್ಥ್ ಇದೆ, ಎಂಸಿಬಿ ಇದೆ, ತಂತಿ ದಪ್ಪಗಿದೆ. ಆದರೂ ಬಾಗಿಲ ಹಿಡಿ ಮುಟ್ಟಿದವರಿಗೆ ಯಾರೂ ದಿಕ್ಕಿಲ್ಲ. ಒದ್ದೆ ಕೈ, ಬರಿಗಾಲು ಅಂದರೆ ಮೈಯ ತಡೆ ಸಾವಿರ ಓಮಿನ ಆಸುಪಾಸು. 200 ಮಿಲಿಆಂಪಿಯರ್ ಎದೆಯ ಮೂಲಕ ಹಾದುಹೋಗುತ್ತದೆ. ಹೃದಯ ಲಯ ತಪ್ಪಲು ಅಷ್ಟು ಬೇಕಾಗಿಲ್ಲ. ಹೋದದ್ದು ಎಷ್ಟು, ಬಂದದ್ದು ಎಷ್ಟು ಅಂತ ಅಳೆದು 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಬೀಳುವ ಆರ್‌ಸಿಸಿಬಿ ಮಾತ್ರ ಇದನ್ನು ಕಾಣಬಲ್ಲದು. ನೀನು ಇಎಲ್‌ಸಿಬಿ ಅನ್ನುವುದು ಅದನ್ನೇ. ಹಳೆಯ ಹೆಸರು ಬಾಯಲ್ಲಿ ಉಳಿದಿದೆ.

ಅಕ್ಕ: ಶಾಕಿಗೆ ಹೆದರಿ ಹಾಲು ಕೆಡಿಸಿಕೋ ಅಂತಾಯಿತು.

ತಮ್ಮ: ಹಾಗಾಗುವುದು ಮನೆಗೆಲ್ಲ ಒಂದೇ ಆರ್‌ಸಿಸಿಬಿ ಇದ್ದಾಗ. ನೀನು ಹೇಳಿದ ‘ಸುಮ್ಮಸುಮ್ಮನೆ’ಗೆ ಕಾರಣ ಇರುತ್ತದೆ. ಎಲ್ಲ ಯಂತ್ರದಿಂದಲೂ ಸ್ವಲ್ಪ ಕರೆಂಟ್ ಅರ್ಥಿಗೆ ಸೋರುತ್ತಲೇ ಇರುತ್ತದೆ. ವಾಷಿಂಗ್ ಮೆಷಿನ್, ಕಂಪ್ಯೂಟರ್, ಎಲ್‌ಇಡಿ ದೀಪ, ಎಲ್ಲದರದೂ ಒಂದೊಂದು ಹನಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ನಿಯಮವೇ ಹಾಗಿದೆ. ಹತ್ತು ಯಂತ್ರದ ಹನಿ ಸೇರಿ ಹತ್ತು ಹನ್ನೆರಡಾಗಿರುವಾಗ ಗೀಸರಿನ ಹಳೆಯ ಕಾಯಿಲ್ ನಾಲ್ಕು ಸೇರಿಸಿತು. ಮನೆಯೆಲ್ಲ ಕತ್ತಲು, ಫ್ರಿಜ್ಜೂ ಬಂದ್. ತಪ್ಪು ಗೀಸರಿನದು, ದಂಡ ತೆತ್ತದ್ದು ಹಾಲು. ಮೊದಲು ಹೇಳಿದ ಎರಡು ಬೇಡಿಕೆ ಇಲ್ಲೇ ಡಿಕ್ಕಿ ಹೊಡೆಯುವುದು. ಫ್ರಿಜ್ಜನ್ನು ಕಾವಲಿನಿಂದ ಹೊರಗಿಟ್ಟರೆ ಹಾಲು ಉಳಿಯುತ್ತದೆ, ಮನುಷ್ಯರಿಗೆ ಕಾವಲಿಲ್ಲ. ಒಳಗಿಟ್ಟರೆ ಮನುಷ್ಯರಿಗೆ ಕಾವಲು, ಹಾಲು ಗೀಸರಿನ ಮರ್ಜಿಗೆ. ಡಿಬಿಯಿಂದಲೇ ಹೊರಟ ಸ್ವಂತ ಲೈನು, ಅದಕ್ಕೊಂದು ಸ್ವಂತ ಆರ್‌ಸಿಬಿಒ, ಅಂದರೆ ಎಂಸಿಬಿ ಮತ್ತು ಆರ್‌ಸಿಸಿಬಿ ಒಂದೇ ಡಬ್ಬಿಯಲ್ಲಿರುವುದು, ಹಾಕಿದರೆ ಎರಡು ಬೇಡಿಕೆಯೂ ಒಟ್ಟಿಗೆ ಈಡೇರುತ್ತವೆ. ಆದರೆ ಅದನ್ನು ಮನೆಯ ಆರ್‌ಸಿಸಿಬಿಗಿಂತ ಮುಂಚೆ ಜೋಡಿಸಬೇಕು, ಅದರ ಕೆಳಗೆ ಜೋಡಿಸಿದರೆ ಮತ್ತೆ ಅದೇ ಕಥೆ. ಆಗ ಗೀಸರ್ ಏನು ಮಾಡಿಕೊಂಡರೂ ಫ್ರಿಜ್ ಓಡುತ್ತಿರುತ್ತದೆ. ಫ್ರಿಜ್ಜಿನ ಲೈನ್ ಬಿತ್ತು ಅಂದರೆ ಬಹುಮಟ್ಟಿಗೆ ಫ್ರಿಜ್ಜೇ ಏನನ್ನೋ ಹೇಳುತ್ತಿದೆ. ಫ್ರಾಸ್ಟ್ ಫ್ರೀ ಮಾದರಿಗಳಲ್ಲಿ ಮಂಜು ಕರಗಿಸುವ ಒಂದು ಹೀಟರ್ ಇರುತ್ತದೆ. ಅದರೊಳಕ್ಕೆ ತೇವ ಇಳಿದರೆ ಸರದಿ ಬಂದಾಗೊಮ್ಮೆ, ಎಷ್ಟೋ ಗಂಟೆಗೊಂದು ಸಲ, ಸೋರುತ್ತದೆ. ಮನೆಗೆಲ್ಲ ಒಂದೇ ಆರ್‌ಸಿಸಿಬಿ ಇದ್ದರೆ ಇದು ‘ನಡುರಾತ್ರಿ ಯಾಕೋ ಬೀಳುತ್ತೆ’ ಅನ್ನುವ ಒಗಟಾಗಿಯೇ ಉಳಿದು, ಕೊನೆಗೆ ಯಾರೋ ಬೇಸತ್ತು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಇನ್ನೊಂದು ಲಾಭ ನಿನಗೆ ನೇರವಾಗಿ ಹಿಡಿಸೀತು. ಊರಿಗೆ ಹೋಗುವಾಗ ಮೇನ್ ಆರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ, ಒಳ್ಳೆಯದೇ. ಆದರೆ ಫ್ರಿಜ್ ಖಾಲಿ ಮಾಡಬೇಕು ಅಂತ ಎಷ್ಟೋ ಜನ ಆರಿಸದೆ ಹೋಗುತ್ತಾರೆ. ಬೇರೆ ಲೈನ್ ಇದ್ದರೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆರಿಸಿ ಬೀಗ ಹಾಕಬಹುದು.

ಅಕ್ಕ: ಆದರೂ ನಾವಿಲ್ಲದಾಗ ಆ ಆರ್‌ಸಿಬಿಒ ಬಿದ್ದರೆ?

ತಮ್ಮ: ಬಿದ್ದರೆ ಬಿದ್ದಂತೆಯೇ. ಇಲ್ಲವೇ ಇಲ್ಲ ಅಂತ ಹೇಳಲಾರೆ. ಸಿಡಿಲಿನ ಹೊಡೆತಕ್ಕೆ ಒಮ್ಮೊಮ್ಮೆ ಬೀಳುತ್ತದೆ, ಆ ನಷ್ಟವನ್ನು ಒಪ್ಪಿಕೊಳ್ಳಬೇಕು. ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನ ಕೆಳಭಾಗ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಮ್ಮ ಬೇಸಿಗೆಯ ಅಡುಗೆಮನೆಯಲ್ಲಿ ಅದಕ್ಕಿಂತ ಕಡಿಮೆ ಅಂತಲೇ ಎಣಿಸಬೇಕು. ಹೋಗುವ ಮುಂಚೆ ಫ್ರೀಜರಿನಲ್ಲಿ ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗು. ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಗೊತ್ತಾಗುತ್ತದೆ, ಒಳಗಿನದನ್ನು ಎಸೆಯಬಹುದು. ಇನ್ಸುಲಿನ್ ಇರುವ ಮನೆಯವರು ಬೀಗ ಹಾಕಿ ಹೋಗುವಾಗ ಅದನ್ನು ಜೊತೆಗೆ ಒಯ್ಯುವುದೇ ಸರಿ, ಯಾಕೆಂದರೆ ಬೀದಿಯ ಕರೆಂಟ್ ಹೋಗುವುದಕ್ಕೆ ನಮ್ಮ ಡಿಬಿಯಲ್ಲಿ ಮದ್ದಿಲ್ಲ. ಎರಡು ನಷ್ಟವನ್ನು ಎದುರುಬದುರು ಇಟ್ಟು ನೋಡು, ಅಷ್ಟೇ. ನಮ್ಮ ದೇಶದಲ್ಲಿ ವಿದ್ಯುತ್ ಆಘಾತಕ್ಕೆ ಸಾಯುವವರು ವರ್ಷಕ್ಕೆ 12,000ಕ್ಕೂ ಹೆಚ್ಚು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ವರದಿಗಳಲ್ಲಿದೆ. ಹೊಲದಲ್ಲಿ ಹರಿದು ಬಿದ್ದ ತಂತಿ, ಕೆಲಸದಲ್ಲಿದ್ದ ಲೈನ್‌ಮನ್ನುಗಳು, ಎಲ್ಲರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಅದನ್ನು ಫ್ರಿಜ್ಜಿನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಈ ದೇಶದಲ್ಲಿ ಸೋರಿದ ಕರೆಂಟ್ ಬರೀ ಪುಸ್ತಕದ ಭಯ ಅಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಅಕ್ಕ: ಅರ್ಥ್ ಗುಂಡಿಯೇ ಸರಿಯಿಲ್ಲದ ಮನೆಗಳಲ್ಲಿ ಇನ್ನೊಂದು ಉಪಾಯ ಮಾಡುತ್ತಾರೆ ಗೊತ್ತಲ್ಲ. ಸಾಕೆಟ್ಟಿನೊಳಗೇ ಅರ್ಥ್ ಪಿನ್ನನ್ನೂ ನ್ಯೂಟ್ರಲ್ಲನ್ನೂ ಒಂದು ತುಂಡು ತಂತಿಯಲ್ಲಿ ಸೇರಿಸಿಬಿಡುವುದು. ಎರಡೂ ಸೊನ್ನೆ ವೋಲ್ಟೇ ತಾನೆ, ಎರಡೂ ಕೊನೆಗೆ ಭೂಮಿಗೇ ಹೋಗುತ್ತವೆ ಅಂತಾರೆ.

ತಮ್ಮ: ವೈರಿಂಗಿನ ಕೆಟ್ಟ ಕೆಲಸಗಳನ್ನು ಸಾಲಾಗಿ ನಿಲ್ಲಿಸಿದರೆ ಇದನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸುತ್ತೇನೆ. ನ್ಯೂಟ್ರಲ್ ಸೊನ್ನೆಯ ಹತ್ತಿರ ಇರುವುದು ಅದು ಟ್ರಾನ್ಸ್‌ಫಾರ್ಮರಿನವರೆಗೆ ಎಲ್ಲೂ ಕಡಿಯದೆ ಇರುವಷ್ಟು ಹೊತ್ತು ಮಾತ್ರ. ಸ್ವಿಚ್‌ಬೋರ್ಡಿನಲ್ಲಿ ಒಂದು ಸ್ಕ್ರೂ ಸಡಿಲವಾಯಿತು, ಕಂಬದ ಮೇಲೆ ಒಂದು ಜಂಪರ್ ಬಿಟ್ಟಿತು ಅಂತಿಟ್ಟುಕೋ. ಫೇಸಿನಿಂದ ಬಂದ ಕರೆಂಟ್ ಕಂಪ್ರೆಸರಿನ ಸುರುಳಿಯನ್ನು ಹಾದು ನ್ಯೂಟ್ರಲ್ಲಿಗೆ ಬಂದು, ಮುಂದೆ ಹೋಗಲು ದಾರಿಯಿಲ್ಲದೆ ಆ ತುಂಡು ತಂತಿಯ ಮೂಲಕ ಫ್ರಿಜ್ಜಿನ ಮೈಗೆ ನುಗ್ಗುತ್ತದೆ. ಫ್ರಿಜ್ ಓಡುವುದಿಲ್ಲ, ಕರೆಂಟ್ ಹೋಗಿದೆ ಅಂದುಕೊಂಡು ಯಾರೋ ಬಾಗಿಲ ಹಿಡಿಗೆ ಕೈ ಹಾಕುತ್ತಾರೆ. ಯಂತ್ರ ಸರಿಯಾಗಿದೆ, ಒಳಗೆ ಎಲ್ಲೂ ಸವೆದಿಲ್ಲ. ಮೈ ಮೇಲೆ ಮಾತ್ರ ಪೂರ್ತಿ 230. ಪ್ಲಗ್ಗಿನ ಅರ್ಥ್ ಕಾಲನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರಿದ್ದಾರಲ್ಲ, ಅವರು ಕೂಡ ಇದಕ್ಕಿಂತ ವಾಸಿ. ಆ ಕಾಲು ಮಿಕ್ಕೆರಡಕ್ಕಿಂತ ಉದ್ದ ಯಾಕಿದೆ ಹೇಳು? ಚುಚ್ಚುವಾಗ ಮೊದಲು ಅರ್ಥ್ ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತ. ಗುಂಡಿ ಸರಿಯಿಲ್ಲದಿದ್ದರೆ ಗುಂಡಿಯನ್ನೇ ಸರಿ ಮಾಡಿಸಬೇಕು. ಅದರ ತಡೆಯನ್ನು ಅರ್ಥ್ ಟೆಸ್ಟರ್‌ನಿಂದ ಅಳೆಸಬೇಕು, ಬೇಸಿಗೆಯಲ್ಲಿ ನೀರು ಹಾಕಬೇಕು.

ಅಕ್ಕ: ಗೋಡೆ ಒಡೆಯದೆ ಆಗುವುದಿಲ್ಲವಾ? ಹಳೆಯ ಪೈಪಿನಲ್ಲೇ ಫೇಸ್ ಒಂದನ್ನು ಹೊಸದಾಗಿ ಎಳೆದು, ನ್ಯೂಟ್ರಲ್ ಮಿಕ್ಸಿ ಬೋರ್ಡಿನದನ್ನೇ ತೆಗೆದುಕೊಳ್ಳುತ್ತೇವೆ ಅಂತಾನೂ ಅಂದರು. ಅಷ್ಟಾದರೆ ಉಳಿಯುತ್ತದೆ.

ತಮ್ಮ: ಗೋಡೆ ಒಡೆಯದೆ ಆಗುತ್ತದೆ, ನ್ಯೂಟ್ರಲ್ ಹಂಚಿಕೊಂಡು ಆಗುವುದಿಲ್ಲ. ಹೋದ ಕರೆಂಟ್ ಅದೇ ಆರ್‌ಸಿಬಿಒ ಮೂಲಕ ವಾಪಸು ಬರಬೇಕು, ಬೇರೆ ದಾರಿಯಲ್ಲಿ ಬಂದರೆ ಅದು ಸೋರಿಕೆ ಅಂತ ತಿಳಿದು ಮೊದಲ ದಿನವೇ ಬೀಳುತ್ತದೆ. ಆಮೇಲೆ ‘ಈ ಡಬ್ಬಿ ಸರಿಯಿಲ್ಲ’ ಅಂತ ಕಿತ್ತುಹಾಕುತ್ತಾರೆ. ಇನ್ವರ್ಟರ್ ಇರುವ ಮನೆಗಳಲ್ಲಿ ಈ ಗೋಜಲು ಇನ್ನೂ ಹೆಚ್ಚು. ಬ್ಯಾಟರಿ ಲೈನಿನ ನ್ಯೂಟ್ರಲ್ಲನ್ನೂ ಮನೆ ಲೈನಿನದನ್ನೂ ಒಂದೇ ಗಂಟು ಹಾಕಿರುತ್ತಾರೆ. ಆದ್ದರಿಂದ ಡಿಬಿಯಿಂದ ಸಾಕೆಟ್ಟಿನವರೆಗೆ ಮೂರು ತಂತಿ, ಫೇಸ್, ನ್ಯೂಟ್ರಲ್, ಅರ್ಥ್, ಮೂರೂ ತಾಮ್ರ, ಐಎಸ್ 694 ಗುರುತು ಇರುವುದು, ನಡುವೆ ಪೈಪಿನೊಳಗೆ ಒಂದೂ ಜಾಯಿಂಟ್ ಇಲ್ಲದೆ. ಹದಿನೈದು ಮೀಟರಿನಂತೆ ಮೂರು ಅಂದರೆ 45 ಮೀಟರ್, 90 ಮೀಟರಿನ ಕಾಯಿಲ್ ಒಂದರ ಅರ್ಧ. ಗೋಡೆ ಕೊರೆಯುವುದು ಬೇಡ ಅಂದರೆ ಸಜ್ಜೆಯ ಮೇಲಿಂದ, ಚಾವಣಿಯ ಮೂಲೆ ಹಿಡಿದು ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯಲ್ಲಿ ತರಲಿ. ಚೆಂದ ಸ್ವಲ್ಪ ಕಡಿಮೆ, ಸುರಕ್ಷತೆಗೆ ಕೊರತೆ ಇಲ್ಲ. ಸಾಕೆಟ್ಟನ್ನು ಫ್ರಿಜ್ಜಿನ ಬೆನ್ನ ಹಿಂದೆ ಮಾತ್ರ ಹಾಕಿಸಬೇಡ. ಅಲ್ಲಿ ಬಿಸಿಗಾಳಿ, ಧೂಳು. ಪ್ಲಗ್ ಕೀಳಬೇಕಾದಾಗ ಇಡೀ ಪೆಟ್ಟಿಗೆ ಎಳೆಯಬೇಕು. ಪಕ್ಕದಲ್ಲಿ, ಕೈಗೆಟುಕುವ ಎತ್ತರದಲ್ಲಿ, ಸಿಂಕಿನ ಎರಚಲು ತಾಗದ ಕಡೆ ಇರಲಿ. ಫ್ರಿಜ್ಜಿನ ವೈರು ನೇರ ಅದಕ್ಕೇ ಮುಟ್ಟಬೇಕು. ನಡುವೆ ಎಕ್ಸ್‌ಟೆನ್ಶನ್ ಬೋರ್ಡು, ಮಲ್ಟಿಪ್ಲಗ್ಗು ಬಂದರೆ ಇಷ್ಟೆಲ್ಲ ಮಾಡಿದ್ದು ದಂಡ. ಬೆಂಕಿ ಹುಟ್ಟುವುದು ಹೆಚ್ಚಾಗಿ ದೊಡ್ಡ ಕರೆಂಟಿನಿಂದಲ್ಲ, ಸಡಿಲ ಹಿಡಿತದಿಂದ. ಸ್ಕ್ರೂ ಅರ್ಧ ತಿರುವು ಕಡಿಮೆ ಬಿಗಿಯಾಗಿದ್ದರೆ ಅಲ್ಲೊಂದು ಚೂರು ಕಾವು, ಕಾವಿಗೆ ಕಿಲುಬು, ಕಿಲುಬಿಗೆ ಇನ್ನಷ್ಟು ಕಾವು. ಆ ಕರೆಂಟ್ ಎಂಸಿಬಿಯ ಅಂಕಿ ದಾಟುವುದಿಲ್ಲ, ಅರ್ಥಿಗೂ ಸೋರುವುದಿಲ್ಲ. ಅಲ್ಲಿ ಯಾವ ಡಬ್ಬಿಯೂ ಬೀಳುವುದಿಲ್ಲ, ಕೆಲಸಗಾರನ ಸ್ಕ್ರೂಡ್ರೈವರ್ ಒಂದೇ ಕಾವಲು.

ಅಕ್ಕ: ಹಾಗಾದರೆ ನೀನು ಹೇಳಿದ್ದೆಲ್ಲ ಮಾಡಿದ ಮೇಲೂ ಬೆಂಕಿ ಬೀಳಬಹುದು ಅಂತಲೇ ಆಯಿತು. ಲಂಡನ್ನಿನ ಗ್ರೆನ್‌ಫೆಲ್ ಟವರಿಗೆ ಬೆಂಕಿ ಬಿದ್ದದ್ದೂ ಒಂದು ಫ್ರಿಜ್ಜಿನಿಂದಲೇ ಅಂತ ಓದಿದ್ದೆ.

ತಮ್ಮ: ಹೌದು. 2017ರ ಜೂನ್ 14ರಂದು, ನಡುರಾತ್ರಿ ಕಳೆದ ಮೇಲೆ, ನಾಲ್ಕನೆಯ ಮಹಡಿಯ ಅಡುಗೆಮನೆಯ ಫ್ರಿಜ್-ಫ್ರೀಜರಿನಲ್ಲಿ. 72 ಜನ ಸತ್ತರು. ಬೆಂಕಿ ಅಷ್ಟು ಎತ್ತರಕ್ಕೆ ಹಬ್ಬಿದ್ದು ಕಟ್ಟಡದ ಹೊರಮೈಗೆ ಹೊದಿಸಿದ್ದ, ಸುಡುವ ಹಾಳೆಗಳಿಂದ. ಹುಟ್ಟಿದ್ದು ಮಾತ್ರ ಫ್ರಿಜ್ಜಿನೊಳಗೆ. ಯಂತ್ರದ ಒಳಗಿನ ದೋಷಕ್ಕೆ ಗೋಡೆಯ ವೈರಿಂಗ್ ಪೂರ್ತಿ ಉತ್ತರವಲ್ಲ, ನನ್ನ ವಾದದ ಗಡಿ ಅಲ್ಲಿಗೆ ನಿಲ್ಲುತ್ತದೆ. ಹಾಗಂತ ಅದರಿಂದ ಈ ವಾದ ಬೀಳುವುದೂ ಇಲ್ಲ. ಯಾರೂ ನೋಡದಿರುವಾಗ, ಎಲ್ಲರೂ ಮಲಗಿರುವಾಗ ಓಡುವ ಯಂತ್ರ ಇದು ಅಂತ ಮೊದಲೇ ಹೇಳಿದೆನಲ್ಲ, ಅದೇ ಮಾತಿಗೆ ಈ ಘಟನೆ ಬಂದು ಸೇರುತ್ತದೆ.

ಅಕ್ಕ: ಸರಿ ಮಾರಾಯ. ಇದನ್ನು ನೀನೇ ಮಾಡಿಕೊಡುತ್ತೀಯಾ? ತಂತಿ ಎಳೆಯೋದರಲ್ಲಿ ಏನು ವಿದ್ಯೆ ಇದೆ.

ತಮ್ಮ: ಎಳೆಯುವುದರಲ್ಲಿ ಇಲ್ಲ, ಎಳೆದ ಮೇಲೆ ಪರೀಕ್ಷೆ ಮಾಡುವುದರಲ್ಲಿದೆ. ಡಿಬಿ ಮುಟ್ಟುವ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರದು, ಕಾನೂನೂ ಅದನ್ನೇ ಹೇಳುತ್ತದೆ. ನೀನು ಪಕ್ಕದಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳು. ಮೇನ್ ಆರಿಸಿದಿರಿ, ಇನ್ವರ್ಟರ್ ಆರಿಸಿದಿರಾ? ಚಾವಣಿ ಮೇಲೆ ಸೋಲಾರ್ ಇದ್ದರೆ ಅದನ್ನು? ಮೇನ್ ಆರಿಸಿದ ಮೇಲೂ ಬ್ಯಾಟರಿಯಿಂದ ಜೀವಂತ ಇರುವ ತಂತಿಗೆ ಕೈ ಹಾಕಿ ಕಷ್ಟಪಟ್ಟವರಿದ್ದಾರೆ. ಜೇಬಿನ ನಿಯಾನ್ ಟೆಸ್ಟರ್ ಮಿನುಗಲಿಲ್ಲ ಅಂತ ನಂಬಬೇಡಿ, ಅದರ ದೀಪವೇ ಸತ್ತಿರಬಹುದು. ಮೀಟರ್ ಇಟ್ಟು ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡೂ ನೋಡಿ ಅನ್ನು. ತಂತಿಯ ಬಣ್ಣವನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಳೆಯ ಪದ್ಧತಿಯಲ್ಲಿ ಕಪ್ಪು ನ್ಯೂಟ್ರಲ್, ನೀಲಿ ಒಂದು ಫೇಸು. ಹೊಸ ಪದ್ಧತಿಯಲ್ಲಿ ನೀಲಿಯೇ ನ್ಯೂಟ್ರಲ್. ಹಳೆಯ ಮನೆಗೆ ಹೊಸ ತಂತಿ ಸೇರಿದ ಕಡೆ ಎರಡೂ ಕಲಸಿರುತ್ತವೆ. ಕೊನೆಗೆ, ಕರೆಂಟ್ ಕೊಡುವ ಮುಂಚೆ ಮೆಗರ್ ಹಚ್ಚಿ 500 ವೋಲ್ಟಿನಲ್ಲಿ ತಂತಿಯ ಹೊದಿಕೆ ಪರೀಕ್ಷಿಸಲಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಲೈನ್ ಚಾಲೂ ಮಾಡುವ ಹಾಗಿಲ್ಲ. ಕರೆಂಟ್ ಕೊಟ್ಟ ಮೇಲೆ ಆರ್‌ಸಿಬಿಒ ಮೇಲಿನ ‘ಟೆಸ್ಟ್’ ಗುಂಡಿ ಒತ್ತಿ ತೋರಿಸಲಿ. ಅದು ಬಿತ್ತು ಅಂದರೆ ಡಬ್ಬಿಯ ಒಳಗಿನ ಯಂತ್ರ ಸರಿಯಿದೆ ಅಂತ ಮಾತ್ರ ಅರ್ಥ; ಹಿತ್ತಲಿನ ಗುಂಡಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಈ ಎರಡು ಪರೀಕ್ಷೆಗಳನ್ನು ಬೆರೆಸಿ, ‘ಟೆಸ್ಟ್’ ಒತ್ತಿಯೇ ಕೆಲಸ ಮುಗಿಸುವವರು ಬಹಳ.

ಅಕ್ಕ: ಸ್ಟೆಬಿಲೈಸರ್?

ತಮ್ಮ: ಫ್ರಿಜ್ಜಿನ ಹಿಂದಿನ ಚೀಟಿಯಲ್ಲಿ ಎಷ್ಟರಿಂದ ಎಷ್ಟು ವೋಲ್ಟ್ ತಾಳುತ್ತದೆ ಅಂತ ಬರೆದಿದೆಯೋ ನೋಡು. ನಿಮ್ಮ ಬೀದಿ ಅದರೊಳಗೇ ಇದ್ದರೆ ಬೇಡ. ಬೇಕಾದರೆ, ಅದರ ಸಾಕೆಟ್ಟಿನ ಅರ್ಥ್ ತೂತು ಒಳಗೆ ನಿಜವಾಗಿ ಜೋಡಣೆಯಾಗಿದೆಯಾ ಅಂತ ಮೊದಲು ನೋಡಿಸು. ಈಗ ಹೋಗಿ ಡಿಬಿ ತೆಗೆದು ನೋಡು, ಜಾಗ ಇದೆಯಾ? ಆರ್‌ಸಿಬಿಒಗೆ ಎರಡು ಎಂಸಿಬಿಯಷ್ಟು ಅಗಲ ಬೇಕಾದೀತು.

ಅಕ್ಕ: ಒಂದು ಖಾಲಿ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಎಂಸಿಬಿ ಇದೆ, ಅದಕ್ಕೆ ಹೆಸರೇ ಬರೆದಿಲ್ಲ. ಎಲ್ಲಿಗೆ ಹೋಗುತ್ತದೆ ಅಂತ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ತಮ್ಮ: ಅದನ್ನು ಆರಿಸಿ ಮನೆಯೆಲ್ಲ ಒಂದು ಸುತ್ತು ಬಾ, ಏನು ನಿಂತಿತು ಅಂತ ನೋಡು.

ಅಕ್ಕ: ಫ್ರಿಜ್ಜೇ ನಿಂತರೆ?

ತಮ್ಮ: ಐದು ನಿಮಿಷ ಬಿಟ್ಟು ಹಾಕು. ಆಗಲೇ ಹಾಕಿದರೆ ಕಂಪ್ರೆಸರಿಗೆ ಏಳಲಾಗುವುದಿಲ್ಲ, ಒಳಗಿನ ಒತ್ತಡ ಇಳಿಯಬೇಕು.